ಪಂಚಮಿಗೆ ಬಂದ ಬೀಗರು, ಅತ್ತಿಯವ್ರ ಜಮಖಾನ

ಈ ಸಲ ಪಂಚಮಿಗೆ ನಮ್ಮ ನಾದಿನಿ ಬಂದಿದ್ಲು. ಒಬ್ಬಾಕಿನ ಬಂದಿದ್ರ ನಾ ಇಷ್ಟುದ್ದ ಬರಿಯೂ ಮಾತ ಇರಲಿಲ್ಲ ಬಿಡ್ರಿ. ಹಬ್ಬ ಇನ್ನ ಮೂರು ದಿನ ಐತಿ ಅನ್ನೂವಾಗ ಪುಣೆದಿಂದ ಫೋನ್ ಬಂತು. "ವೈನಿ, ಈ ಸಲ ನಮ್ಮ ಅತ್ತಿ, ಮಾವ, ಮೈದುನನ ಮನಿಯವ್ರು, ಹುಡುಗ್ರು ಎಲ್ಲಾರೂ ಬರ್ತೀವಿ. ಅವ್ರಿಗೆ ಜೋಕಾಲಿ ನೋಡಬೇಕಂತ" ಅಂದ್ಲು. ಎಣಿಸಿ ನೋಡಿದ್ರ 11 ಮಂದಿ. ನಮ್ಮ ಮನಿ ಎಂಥಾದ್ದು ಅಂತ ನಿಮಗ ಗೊತ್ತ ಐತಿ. ಮುಂದ ಕಟ್ಟಿ, ಒಳಗ ಪಡಸಾಲಿ, ಅದರ ಹಿಂದ ಅಡಗಿಮನಿ, ಮಗ್ಗಲಕ ಒಂದು ಖೋಲಿ, ಹಿತ್ತಲದಾಗ ಒಂದು ಬಚ್ಚಲ. ಊರಾಗ ಲಾಡ್ಜ್ ಇಲ್ಲ, ಖಾನಾವಳಿ ಇಲ್ಲ, ಸಂಜಿಮುಂದ ಗಿರಮಿಟ್, ಮಿರ್ಚಿ ಮಾಡೂ ಒಂದು ಗಾಡಿ ಐತಿ ಅಷ್ಟ. ನವಲಗುಂದಕ್ಕ ಹೋಗಿ ಬರಬೇಕಂದ್ರ ಬಸ್ಸಿನ ಹಾದಿ ಕಾಯಬೇಕು. ನಮ್ಮವ್ರಿಗೆ ಹೇಳಿದ್ರ, "ಏನಾಗೂದಿಲ್ಲ ತಗೋ, ಬರ್ತಾರ, ಉಂತಾರ, ಹೋಗ್ತಾರ" ಅಂದ್ರು. ಗಂಡಸರಿಗೆ ಬೀಗರು ಅಂದ್ರ ಇಷ್ಟ ನೋಡ್ರಿ, ಮೂರು ಕ್ರಿಯಾಪದ.

ನಾ ಬ್ಯಾಳಿ ಎಷ್ಟು, ಬೆಲ್ಲ ಎಷ್ಟು, ಹಾಸಿಗಿ ಎಷ್ಟು ಅಂತ ಬಟ್ಟಿನ ಮ್ಯಾಲ ಎಣಸಾಕತ್ತಿದ್ದೆ. ಅತ್ತಿಯವ್ರು ಮೂಲ್ಯಾಗ ಕುಂತು ಹೂಬತ್ತಿ ಹೊಸೀತಿದ್ದವ್ರು ತಲಿ ಎತ್ತದ ಒಂದ ಮಾತು ಅಂದ್ರು: "ಮೊದಲ ಅಟ್ಟದಾಗಿನ ಜಮಖಾನ ತಗಿ. ಬಿಸಲಿಗೆ ಹಾಕು. ಉಳಿದದ್ದು ಆಮ್ಯಾಲ."

ಅವತ್ತಿಂದ ನನ್ನ ತಲ್ಯಾಗ ಒಂದ ವಿಚಾರ ಹೊಕ್ಕೈತಿ. ನಮಗ ಈಗ ಗ್ಯಾಸ್ ಐತಿ, ಮಿಕ್ಸಿ ಐತಿ, ಫೋನ್ ಐತಿ. ಆದರೂ 11 ಮಂದಿ ಅಂದ್ರ ಎದಿ ಧಸಕ್ ಅಂತೈತಿ. ಇವೇನೂ ಇಲ್ಲದಾಗ ನಮ್ಮ ಅಜ್ಜ್ಯಾರು, ಮುತ್ತಜ್ಜ್ಯಾರು ಈ ಸಣ್ಣ ಊರಾಗ ಬಂದವ್ರನ್ನ ಹೆಂಗ ಸಂಭಾಳಿಸಿದ್ರು? ರಾಜರ ಇತಿಹಾಸ ಸಾಲ್ಯಾಗ ಓದೀವಿ. ಅಣ್ಣಿಗೇರಿ ಚಾಲುಕ್ಯರ ರಾಜಧಾನಿ ಆಗಿತ್ತು ಅಂತ ಮಾಸ್ತರು ಹೇಳಿದ್ದು ನೆನಪೈತಿ. ಆ ರಾಜಧಾನಿಗೆ ಬಂದವ್ರಿಗೆ ರೊಟ್ಟಿ ಬಡದವ್ರು ಯಾರು ಅಂತ ಯಾವ ಪುಸ್ತಕದಾಗೂ ಇಲ್ಲ.

ಮೊದಲ ಹಾದಿ ಮಾತು ಹೇಳ್ತೀನಿ. ನಮ್ಮದು ಎರಿ ಭೂಮಿ. ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಿರಕು ಬಿಡತೈತಿ, ಮಳ್ಯಾಗ ಕಾಲಿಗೆ ಹತ್ತಿದ್ರ ಬಿಡೂದಿಲ್ಲ. ಡಾಂಬರ್ ಇಲ್ಲದ ಕಾಲಕ್ಕ ಶ್ರಾವಣದಾಗ ಚಕ್ಕಡಿ ಗಾಲಿ ಅಚ್ಚಿನ ತನಕ ಹುಗಿದು ಕುಂಡರತಿತ್ತು. ಮ್ಯಾಲೆ ಬೆಣ್ಣಿಹಳ್ಳ. ಬ್ಯಾಸಗ್ಯಾಗ ನೋಡಿದ್ರ ಇದೇನು ಹಳ್ಳ ಅನಸತೈತಿ, ತುಂಬಿ ಬಂದ್ರ ಆಚಿ ಊರಿಗೂ ಈಚಿ ಊರಿಗೂ ಸಂಬಂಧನ ಇಲ್ಲ. ಈಗೂ ಮಳಿಗಾಲದಾಗ ಅದು ಹೊಲ, ರಸ್ತೆ ನುಂಗಿದ್ದು ಪೇಪರ್‌ನಾಗ ಬರತೈತಿ. ಇಂಥಾ ಹಂಗಾಮಿನಾಗನ ನಮ್ಮ ಹಿರೇರು ಹೆಣಮಕ್ಕಳನ್ನ ತವರಿಗೆ ಕರೆಯೂ ಪಂಚಮಿ ಹಬ್ಬ ಇಟ್ಟಾರ! ಅಣ್ಣನೋ ತಮ್ಮನೋ ಕರಿಯಾಕ ಹೋಗೂದು, ತಂಗಿ ಕೂಸು ಕಟಕೊಂಡು ಚಕ್ಕಡ್ಯಾಗ ಬರೂದು, ಮಳಿ ಹಿಡದ್ರ ಐದು ದಿನಕ್ಕ ಬಂದಾಕಿ ಹದಿನೈದು ದಿನ ಉಳಿಯೂದು. ಬಿತ್ತಿ ಮುಗಿದಿರತಿತ್ತು, ಸುಗ್ಗಿ ದೂರ ಇರತಿತ್ತು, ಗಂಡನ ಮನ್ಯಾಗ ಕೆಲಸ ಕಮ್ಮಿ ಇರೂ ಕಾಲ ಇದೊಂದ. ಅದಕ್ಕ ಬಿಡತಿದ್ರೇನೋ. ಆದ್ರ ತವರಿನ ವೈನಿಗೆ ಹಗೇವಿನ ಜ್ವಾಳ ತಳ ಕಾಣೂ ಕಾಲನೂ ಅದ. ಕೇಳೂದು ಬ್ಯಾಡ ಅದನ್ನ.

ಹಗೇವು ಅಂದ್ರ ಈಗಿನ ಹುಡುಗ್ರಿಗೆ ಗೊತ್ತಿಲ್ಲ. ನೆಲದಾಗ ತಗ್ಗು ತಗದು, ಒಳಗ ಹುಲ್ಲು ಕಟ್ಟಿ, ಜ್ವಾಳ ಸುರದು, ಮ್ಯಾಲ ಮಣ್ಣು ಮುಚ್ಚಿ ಇಡೂದು. ವರ್ಷಗಟ್ಟಲೆ ಕೆಡದಂಗ ಇರತಿತ್ತು. ಬೀಗರು ಬಂದ್ರ, ಬರ ಬಂದ್ರ ಅದ ಧೈರ್ಯ. 1876ರಿಂದ 78ರ ತನಕ ಬಿದ್ದ ದೊಡ್ಡ ಬರದಾಗ ಆ ಹಗೇವೂ ಬರಿದಾದ್ವು. ಆ ಬರ ಆದಮ್ಯಾಲನ ಸರಕಾರಕ್ಕ ಈ ಕಡೆ ರೈಲು ಬೇಕು ಅನಿಸಿದ್ದು. ಕಾಳು ಸಾಗಸಾಕ ಹಾದಿ ಇಲ್ಲದ ಮಂದಿ ಸತ್ತಿದ್ರು. 1880ರ ದಶಕದಾಗ ಸದರ್ನ್ ಮರಾಠಾ ರೇಲ್ವೆ ಬಂತು. ಗದಗ–ಹುಬ್ಬಳ್ಳಿ ಹಾದಿ ಅಣ್ಣಿಗೇರಿ ಮ್ಯಾಲ ಹಾಸಿ ಹೋತು, ಹುಬ್ಬಳ್ಳಿ–ಹರಿಹರ ಹಾದಿ ಕುಂದಗೋಳದ ಮ್ಯಾಲ. ನವಲಗುಂದಕ್ಕ, ಕಲಘಟಗಿಗೆ ಬರಲಿಲ್ಲ. ಅಲ್ಲಿಂದ ಬೀಗರೊಳಗೂ ಎರಡು ಜಾತಿ ಆದ್ವು ಅಂತ ನನಗನಸತೈತಿ: ಗಾಡಿ ಟೈಮ್ ನೋಡಿ ಏಳೂ ಬೀಗರು, ಮತ್ತ ಎತ್ತಿನ ಮುಖ ನೋಡಿ ಏಳೂ ಬೀಗರು. ಮೊದಲನೇದವ್ರಿಗೆ ಚಹಾ, ಅವಲಕ್ಕಿ ಸಾಕು. ಎರಡನೇದವ್ರಿಗೆ ಹೋಳಿಗಿ ಆಗಲೇಬೇಕು.

ನನ್ನ ತವರು ಕುಂದಗೋಳ. ಹಂಗಾಗಿ ರೈಲಿನ ಬೀಗರ ಕಥಿ ನನಗ ಹೆಚ್ಚು ಗೊತ್ತು. ಅದರೊಳಗೂ ನಮ್ಮೂರ ನಾಡಿಗೇರ ವಾಡೆಕ್ಕ ಬಂದುಹೋದವ್ರ ಕಥಿ ದೊಡ್ಡದು. ಕುಂದಗೋಳ ಆಗ ಇಂಗ್ಲಿಷರ ಧಾರವಾಡ ಜಿಲ್ಲಾದಾಗ ಇರಲಿಲ್ಲ, ಜಮಖಂಡಿ ಸಂಸ್ಥಾನದ್ದು. ಸುತ್ತಲೂ ಬ್ರಿಟಿಷ್ ಮುಲಕ, ನಡುವ ಪಟವರ್ಧನ ಅರಸರ ಒಂದು ತುಂಡು. ಅಂಥಾ ಊರಿಗೆ ಕಿರಾಣಾ ಘರಾಣೆದ ಅಬ್ದುಲ್ ಕರೀಂ ಖಾನ್ ಸಾಹೇಬ್ರು ಬಂದು ನಾಡಿಗೇರ ವಾಡೆದಾಗ ಇಳೀತಿದ್ರು, ಹಾಡತಿದ್ರು. ಅವ್ರ ಕಡೆನ ಕಲಿತು ನಮ್ಮೂರಿನ ರಾಮಭಾವು ಸವಾಯಿ ಗಂಧರ್ವ ಆದ್ರು. 1886ರಾಗ ಹುಟ್ಟಿದವ್ರು, 1952ರಾಗ ಹೋದ್ರು. ಅವ್ರ ನೆನಪಿನ ಸಂಗೀತ ಈಗೂ ಆ ವಾಡೆದಾಗನ ನಡೀತೈತಿ. ನಾ ಸಣ್ಣಾಕಿದ್ದಾಗ ರಾತ್ರಿಯೆಲ್ಲಾ ನಮ್ಮವ್ವನ ತೊಡಿ ಮ್ಯಾಲ ಮಲಗಿ ಕೇಳೀನಿ, ಖರೇ ಹೇಳಬೇಕಂದ್ರ ಕೇಳಿದ್ದಕ್ಕಿಂತ ನಿದ್ದಿ ಮಾಡಿದ್ದ ಹೆಚ್ಚು.

ಸವಾಯಿ ಗಂಧರ್ವರ ಮನಿಗೆ ಕಲಿಯಾಕ ಬಂದವ್ರಂದ್ರ ಸಣ್ಣ ಮಂದಿ ಏನ್ರಿ? 1936ರಾಗ ಗದಗಿನಿಂದ ಒಬ್ಬ ಹುಡುಗ ಬಂದ. 14 ವರ್ಷ. ಅದಕ್ಕೂ ಮೂರು ವರ್ಷ ಮೊದಲ ಗುರುನ್ನ ಹುಡಕಾಕ ಮನಿ ಬಿಟ್ಟು ಓಡಿಹೋಗಿ, ರೈಲಿನಾಗ ಉತ್ತರ ಹಿಂದೂಸ್ತಾನ ತಿರುಗಿ, ಜಲಂಧರದ ತನಕ ಹೋಗಿದ್ದ. ಕಡೀಕ ಗುರು ಸಿಕ್ಕಿದ್ದು ಗದಗಿಗೆ ಇಷ್ಟು ಸಮೀಪದ ಕುಂದಗೋಳದಾಗ. ಅವ್ರ ಆಮ್ಯಾಲ ಭೀಮಸೇನ ಜೋಶಿ ಆದ್ರು. ಗುರುಗಳ ಮನ್ಯಾಗ ಇದ್ದ ವರ್ಷಗಳೊಳಗ ಅವ್ರ ಮೊದಲ ಕೆಲಸ ನೀರು ಹೊರೂದು. ಕೊಡ ಹೊತ್ತು ಹೊತ್ತು ಹೈರಾಣ ಆಗತಿದ್ರು ಅಂತ ನಮ್ಮೂರಾಗ ಈಗೂ ಹೇಳ್ತಾರ. ಭಾರತರತ್ನ ಬಂದ ದಿನ ನಮ್ಮ ಓಣಿ ಮುದುಕಿ ಒಬ್ಬಾಕಿ, "ನೀರು ಹೊತ್ತ ಹೆಗಲು ಅದು" ಅಂದದ್ದು ನಾ ಕಿವಿಯಾರೆ ಕೇಳೀನಿ.

ಗಂಡುಹುಡುಗ ಉಳದು ಕಲಿತ. ಹೆಣಮಗಳಿಗೆ ಅದು ಎಲ್ಲಿ ಸಾಧ್ಯ ಆದೀತು? ಗಂಗೂಬಾಯಿ ಹಾನಗಲ್ಲ ಅವ್ರು ಹುಬ್ಬಳ್ಳಿಯಿಂದ ರೈಲಿಗೆ ಬರೂದು, ಕಲಿಯೂದು, ಮತ್ತ ರೈಲಿಗೆ ತಿರುಗಿ ಹೋಗೂದು. ಮನ್ಯಾಗ ಮಕ್ಕಳು, ಹೊರಗ ಮಂದಿ ಬಾಯಿ. ಹಾಡೂ ಹೆಣಮಗಳನ್ನ ನೋಡಿ ಆಡಿಕೊಳ್ಳೂ ಕಾಲ ಅದು. ರಾತ್ರಿ ಸ್ಟೇಶನ್ ತನಕ ಭೀಮಸೇನ ಅವ್ರನ್ನ ಕಳಸಾಕ ಹೋಗತಿದ್ರು, ಹಾದ್ಯಾಗ "ಇವತ್ತ ನಿನಗ ಗುರುಗಳು ಏನು ಕಲಿಸಿದ್ರು ಹೇಳಕ್ಕಾ" ಅಂತ ಕೇಳತಿದ್ರು ಅಂತಾರ. ನೀರು ಹೊತ್ತವಗ ಪಾಠ ಆ ಹಾದ್ಯಾಗ ಸಿಗತಿತ್ತು. ನನಗ ಈ ಕಥಿ ನೆನಪಾದಾಗೆಲ್ಲಾ ಬ್ಯಾರೆ ಒಂದು ಕಾಣತೈತಿ. ಅಷ್ಟು ಶಿಷ್ಯಂದಿರು, ಬರೂ ಹೋಗೂ ಉಸ್ತಾದರು, ತಬಲಾದವ್ರು, ಸಾರಂಗಿಯವ್ರು. ಒಬ್ಬರಿಗೆ ಖಾರ ಆಗೂದಿಲ್ಲ, ಒಬ್ಬರು ನಡುರಾತ್ರಿ ಉಂತಾರ. ವಾಡೆದ ಅಡಗಿಮನ್ಯಾಗ, ಗುರುಗಳ ಅಡಗಿಮನ್ಯಾಗ ಒಲಿ ಮುಂದ ಕುಂತವ್ರಿಗೆ ಯಾವ ರಾಗ ಎಷ್ಟೊತ್ತಿಗೆ ಮುಗೀತೈತಿ, ಯಾವಾಗ ಅನ್ನಕ್ಕ ಎಸರು ಇಡಬೇಕು ಅಂತ ಗೊತ್ತಿರಲೇಬೇಕಲ್ಲ. ಅಂಥಾ ಕಿವಿಗೆ ಯಾರೂ ಶಾಲು ಹೊದಿಸಿಲ್ಲ.

ನೀರಿನ ಮಾತು ಬಂತು, ಹೇಳಿಬಿಡ್ತೀನಿ. ನಮ್ಮ ನವಲಗುಂದ ಕಡೆ ಬಾವಿ ನೀರು ಸವುಳ. ಆ ನೀರಾಗ ಕಡ್ಲಿಬ್ಯಾಳಿ ಎಷ್ಟು ಕುದಿಸಿದ್ರೂ ಕಾಳು ಕಾಳಾಗಿ ಉಳಿಯತೈತಿ, ಹೂರಣ ಆಗೂದಿಲ್ಲ. ಅದಕ್ಕ ಹಿಂದಕ ಹೆಣಮಕ್ಕಳು ಬಳಸೂ ನೀರು ಬ್ಯಾರೆ, ಕೆರಿ ನೀರು ಬ್ಯಾರೆ ಇಡತಿದ್ರು. ನವಲಗುಂದದಾಗ ನೀಲಮ್ಮನ ಕೆರಿ ಇತ್ತು, ಊರೂರಿಗೂ ಒಂದು ಕೆರಿ ಇತ್ತು. ಬೀಗರು ಬರ್ತಾರ ಅಂದ್ರ ಹಿಂದಿನ ದಿನನ ನಾಲ್ಕು ಕೊಡ ಕೆರಿ ನೀರು ಹೆಚ್ಚು ತಂದು, ಅರಿವಿ ಹಾಕಿ ಸೋಸಿ, ಬಾಯಿ ಕಟ್ಟಿ ಇಡೂದು. ಅತ್ತಿಯವ್ರು ಹೇಳೂ ಪ್ರಕಾರ ಬೀಗಿತ್ಯಾರು ಬಂದಕೂಡ್ಲೆ ಮೊದಲ ನೋಡತಿದ್ದದ್ದು ಸೊಸಿ ಮೈಮ್ಯಾಲಿನ ಬಂಗಾರ ಅಲ್ಲ, ಕುಡಿಯೂ ನೀರಿನ ಹರವಿ ಎಷ್ಟು ತುಂಬೈತಿ ಅನ್ನೂದು. 1970ರ ದಶಕದಾಗ ಸವದತ್ತಿ ಹತ್ರ ನವಿಲುತೀರ್ಥದ ಡ್ಯಾಮ್ ಆಗಿ ಮಲಪ್ರಭಾ ಕಾಲುವಿ ನಮ್ಮ ಕಡೆ ಬಂದ್ವು. ಆ ಕಾಲುವಿ ನೀರಿನ ಕರ ಒಲ್ಲೆ ಅಂತ ರೈತರು ಎದ್ದಿದ್ದು, 1980ರ ಜುಲೈ 21ಕ್ಕ ನವಲಗುಂದ, ನರಗುಂದದಾಗ ಗೋಳಿಬಾರ್ ಆಗಿದ್ದು ನಿಮಗೆಲ್ಲಾ ಗೊತ್ತ ಐತಿ, ಪ್ರತಿ ವರ್ಷ ಹುತಾತ್ಮರ ದಿನ ಮಾಡ್ತೀವಿ. ಅವತ್ತ ನಮ್ಮ ಮನ್ಯಾಗೂ ಬೀಗರಿದ್ರಂತ. ಗಂಡಸರು ಊರಾಗ ಇಲ್ಲ, ಹಾದಿ ಬಂದ್, ಬಂದವ್ರು ಹೋಗೂ ಹಂಗಿಲ್ಲ. ಅತ್ತಿಯವ್ರು ಅಂಬಲಿ ಕಾಯಿಸಿ ಎಲ್ಲಾರಿಗೂ ಕುಡಿಸಿ, ಬಾಗಲ ಹಾಕಿ ಕುಂತಿದ್ರಂತ. ಅವ್ರು ಅದನ್ನ ಇದಕ್ಕಿಂತ ಹೆಚ್ಚು ಹೇಳೂದಿಲ್ಲ.

ಇನ್ನ ಎಲ್ಲಾ ಕರ ಕಟ್ಟೂದಕ್ಕಿಂತ ದೊಡ್ಡ ಭಾರ ಅಂದ್ರ ಬಾಣಂತನ. ಅದೂ ಬೀಗತನನ, ತಿಂಗಳಗಟ್ಟಲೆ ನಡೀತೈತಿ. ಕಲಘಟಗಿ ಬಣ್ಣದ ತೊಟ್ಟಿಲು ಹೆಸರಾದದ್ದು ಅದಕ್ಕ ನೋಡ್ರಿ, ತವರಿನವ್ರು ಕೂಸಿಗೆ ಕೊಟ್ಟು ಕಳಸಬೇಕಲ್ಲ. ಆ ಕಥಿ ಇನ್ನೊಮ್ಮೆ ಬರೀತೀನಿ, ಇಲ್ಲಂದ್ರ ಮುಗಿಯೂದಿಲ್ಲ. ಹೋಳಿ ಮುಂದ ನವಲಗುಂದದ ರಾಮಲಿಂಗ ಕಾಮಣ್ಣಗ ಹರಕಿ ಹೊತ್ತು ಬರೂವ್ರು, ಯಮನೂರು ಉರುಸಿಗೆ ಬೆಣ್ಣಿಹಳ್ಳದಾಗ ಜಳಕ ಮಾಡಾಕ ಬರೂವ್ರು, ಇವ್ರೆಲ್ಲಾ ಹೇಳದ ಬರೂ ಬೀಗರು. ನವಲಗುಂದದಾಗ ಮನಿ ಇದ್ದವ್ರಿಗೆ ಆ ದಿನ ಗುರುತು ಹಚ್ಚೂದ ಕಠಿಣ, ಇವ್ರು ನಮ್ಮ ಯಾರಾಗಬೇಕು ಅಂತ.

ಈಗ ಜಮಖಾನಕ್ಕ ಬರ್ತೀನಿ.

ಬಿಸಲಿಗೆ ಹಾಕಿ ಝಾಡಿಸಿದ್ರ ಕೆಂಪು, ಹಳದಿ, ನೀಲಿ ಇನ್ನೂ ಹಂಗ ಹೊಳ್ಯಾಕತ್ತಿತ್ತು. ನಡುವ ಪಗಡಿ ಹಾಸಿನ ಮನಿ, ಮೂಲ್ಯಾಗ ನವಿಲು. ನವಲಗುಂದ ಅಂದ್ರ ನವಿಲಿನ ಗುಡ್ಡ ಅಂತನ, ಅದಕ್ಕ ನವಿಲು ಬಿಡೂದಿಲ್ಲ. ಈ ಜಮಖಾನ ನೇಯ್ದವ್ರು ನವಲಗುಂದದ ಮುಸ್ಲಿಂ ಹೆಣಮಕ್ಕಳು. ಹಿಂದಕ ವಿಜಾಪುರದ ಆದಿಲಶಾಹಿ ಕಾಲದಾಗ ಆ ಕಡೆಯಿಂದ ಬಂದು ಇಲ್ಲಿ ನೆಲಿಸಿದ ಮನೆತನ ಅಂತ ಹೇಳ್ತಾರ. ನಿಂತ ಮಗ್ಗ, ಹತ್ತಿ ನೂಲು, ಒಂದೊಂದು ಎಳಿನೂ ಕೈಲೆ ಸೇರಿಸಿ ಬಡದು ಕುಂಡರಸಬೇಕು. ಗಂಡಸರು ನೇಯೂದಿಲ್ಲ. ನಮ್ಮ ಜಿಲ್ಲಾದಾಗ ಯಾವ ಮನಿ ಪಡಸಾಲ್ಯಾಗ ಬೀಗರು ಕುಂತ್ರೂ, ಕೆಳಗ ಹಾಸಿದ್ದು ಯಾರೋ ಒಬ್ಬ ಹೆಣಮಗಳ ತಿಂಗಳ ದುಡಿಮಿ. ಈಗ ಜಿಐ ಮುದ್ರಿ ಸಿಕ್ಕೈತಿ, ನವಲಗುಂದದ ಹೆಸರು ಬ್ಯಾರೆಯವ್ರು ಹಾಕೊಳ್ಳೂ ಹಂಗಿಲ್ಲ. ಆದ್ರ ನೇಯೂ ಕೈ ಕಮ್ಮಿ ಆಗ್ಯಾವ. ಮಗ್ಗದ ಕೂಲಿ ನೋಡಿದ್ರ ಹೊಸಾ ಹುಡುಗ್ಯಾರು ಯಾಕ ಬಂದಾರು?

ಆ ಮನೆತನಗಳೊಳಗ ಒಂದು ಪದ್ಧತಿ ಇತ್ತಂತ. ಈ ವಿದ್ಯಾ ಮಗಳಿಗೆ ಕಲಿಸತಿರಲಿಲ್ಲ. ಮಗಳು ಲಗ್ನ ಆಗಿ ಬ್ಯಾರೆ ಮನಿಗೆ ಹೋಗಾಕಿ, ವಿದ್ಯಾನೂ ಜೋಡಿ ಹೋದೀತು ಅನ್ನೂ ಅಂಜಿಕಿ. ಅಂದ್ರ ಬ್ಯಾರೆ ಮನಿಯಿಂದ ಬಂದಾಕಿಗೆ ಗುಟ್ಟು ಗೊತ್ತು, ಹೊಟ್ಟ್ಯಾಗ ಹುಟ್ಟಿದಾಕಿಗೆ ಇಲ್ಲ.

ನಾ ಇದನ್ನ ಮೊದಲ ಕೇಳಿದಾಗ, ಒಬ್ಬ ಸೊಸಿಯಾಗಿ, ಸುಳ್ಳ್ಯಾಕ ಹೇಳಲಿ, ಒಳಗೊಳಗ ಖುಶಿ ಆಗಿತ್ತು. ಈ ಪಂಚಮ್ಯಾಗ ಆ ಖುಶಿ ಇಳೀತು.

ಬೀಗರು ಬಂದ್ರು. ಮೊದಲನೇ ದಿನ ಛಲೋ ಆತು. ಹುಡುಗ್ರು ಬೇವಿನ ಗಿಡಕ್ಕ ಕಟ್ಟಿದ ಜೋಕಾಲಿ ಬಿಡಲಿಲ್ಲ, ಅಳ್ಳು, ತಂಬಿಟ್ಟು, ಶೇಂಗಾದ ಉಂಡಿ, ಎಳ್ಳಿನ ಉಂಡಿ ಡಬ್ಬಿ ಡಬ್ಬಿ ಖಾಲಿ ಆದ್ವು. ಎರಡನೇ ದಿನ ನೀರು. ನಮ್ಮಲ್ಲೆ ನಳ ದಿನಾ ಬರೂದಿಲ್ಲ ಅನ್ನೂದು ಅವ್ರಿಗೆ ಹೆಂಗ ಗೊತ್ತಾಗಬೇಕು? ಮೈದುನನ ಮಗ ಒಬ್ಬನ ಮೂರು ಬಕೀಟು ಜಳಕ ಮಾಡಿದ. ಟಾಕಿ ತಳ ಕಂಡಿತು. ನಾ ಏನೂ ಅನ್ನಲಿಲ್ಲ. ಅತ್ತಿಯವ್ರು ಆ ಹುಡುಗನ್ನ ಕರದು, ಕೈಯಾಗ ಎರಡು ಕೊಡ ಕೊಟ್ಟು, "ಬಾರಪ್ಪಾ, ಭೀಮಸೇನ ಜೋಶಿ" ಅಂದು ಎದುರುಮನಿ ಬೋರಿಗೆ ಕರಕೊಂಡು ಹೋದ್ರು. ನಾಲ್ಕು ಸುತ್ತು ಹೊರಿಸಿದ್ರು. ಪುಣೆದವ್ರಿಗೆ ಆ ಹೆಸರು ಅಂದ್ರ ದೇವರು, ಅಲ್ಲೆ 1953ರಿಂದ ಸವಾಯಿ ಗಂಧರ್ವ ಉತ್ಸವ ನಡಸತಾರಲ್ಲ. ಬೀಗಿತ್ತಿ ಸಿಟ್ಟಾಗೂದು ಬಿಟ್ಟು ನಕ್ಕಳು.

ಮೂರನೇ ದಿನ ಮಧ್ಯಾಹ್ನ ಊಟ ಆದಮ್ಯಾಲ ನಾದಿನಿ ಜಮಖಾನದ ಮ್ಯಾಲ ಕೈ ಆಡಿಸಿಕೋತ ಅಂದ್ಲು, "ವೈನಿ, ಇದನ್ನ ನಾ ಒಯ್ಯಲೇನ? ಅಲ್ಲೆ ಹಾಲ್‌ನಾಗ ಗ್ವಾಡಿಗೆ ಹಾಕ್ತೀನಿ. ಇಲ್ಲೆ ಹೆಂಗೂ ಅಟ್ಟದಾಗ ಇರತೈತಿ." ನನಗ ಗಂಟಲ ಕಟ್ಟಿತು. 18 ವರ್ಷದಿಂದ ಪ್ರತಿ ಸಲ ಬಿಸಲಿಗೆ ಹಾಕಾಕಿ ನಾ, ಬೇವಿನ ತಪ್ಪಲಾ ಇಟ್ಟು ಸುತ್ತಾಕಿ ನಾ, ನುಸಿ ಹತ್ತದಂಗ ನೋಡಾಕಿ ನಾ. ಒಯ್ಯಾಕ ಮಾತ್ರ ಇಕಿ. ಬಾಯಿಗೆ ಬಂದಿತ್ತು. ಅಷ್ಟರಾಗ ಅಡಗಿಮನಿ ಹೊಸ್ತಿಲದಾಗ ಕುಂತ ಅತ್ತಿಯವ್ರು ಮಾತಾಡಿದ್ರು.

"ಈ ಮನಿಗೆ ಬಂದು 52 ವರ್ಷ ಆತು. ನಾ ಅದರ ಮ್ಯಾಲ ಕುಂತಿದ್ದು ಎರಡ ಸಲ. ಒಮ್ಮೆ ಲಗ್ನ ಆಗಿ ಬಂದಾಗ ಉಡಿ ತುಂಬಾಕ ಕುಂಡರಿಸಿದ್ರು. ಇನ್ನೊಮ್ಮೆ ಇಕಿ ನಿಶ್ಚಯ ಆದಾಗ."

ನಾ ಲೆಕ್ಕ ಹಾಕಿ ನೋಡಿದೆ. ನಾನೂ ಎರಡ ಸಲ. ನಾದಿನಿ ಬಾಲ್ಯಾದಾಗ ಅದರ ಮ್ಯಾಲ ಹೊರಳಾಡಿದಾಕಿ, ಪಗಡಿ ಮನ್ಯಾಗ ಹುಣಸಿಬೀಜ ಇಟ್ಟು ಆಡಿದಾಕಿ. ಯಾರದು ಅಂತ ಹೆಂಗ ಹೇಳೂದು? ನಾವಿಬ್ಬರೂ ಸುಮ್ಮನಾದ್ವಿ. ಬೀಗಿತ್ತಿ ಎದ್ದು ಬಂದು ಅತ್ತಿಯವ್ರ ಕೈ ಹಿಡದು, "ಏಳ್ರಿ, ಬರ್ರಿ ಇಲ್ಲೆ" ಅಂತ ಎಬ್ಬಿಸಿ ನಡುವ ಕುಂಡರಿಸಿದ್ಲು. ಗಂಡಸರು ಕಟ್ಟಿ ಮ್ಯಾಲ ಇದ್ರು. ನಾವು ಆರು ಮಂದಿ ಹೆಣಮಕ್ಕಳು ಜಮಖಾನದ ಮ್ಯಾಲ ಕುಂತು ಎಲಿ ಅಡಿಕಿ ಹಾಕೊಂಡ್ವಿ. ಸಂಜಿ ಚಹಾ ಗಂಡಸರ ಮಾಡಿದ್ರು. ಸಕ್ರಿ ಹೆಚ್ಚಾಗಿತ್ತು.

ಹೋಗೂ ದಿನ ಅತ್ತಿಯವ್ರು ಜಮಖಾನ ಸುತ್ತಿ ನಾದಿನಿ ಗಾಡ್ಯಾಗ ಇಡಿಸಿದ್ರು. ನಾ ಬಾಗಲದಾಗ ನಿಂತಿದ್ದೆ. ಅವ್ರು ಮಗಳಿಗೆ ಹೇಳಿದ್ದು ಕೇಳಿಸ್ತು: "ಕೊಟ್ಟಿಲ್ಲ ಮತ್ತ. ಒಂದು ವರ್ಷ ಇಟ್ಕೋ. ಬರೂ ಪಂಚಮಿಗೆ ನೀನ ಹೊತಗೊಂಡು ಬರಬೇಕು. ಅದರ ಮುಂದಿನ ವರ್ಷ ನಿಮ್ಮ ವೈನಿ ಕಡೆ." ಎರಡು ವರ್ಷದಿಂದ ನಾದಿನಿ ಹಬ್ಬಕ್ಕ ಬಂದಿರಲಿಲ್ಲ ಅನ್ನೂದು ನನಗ ಆವಾಗ ನೆನಪಾತು. ಮುದುಕಿ ಬುದ್ಧಿ ನೋಡ್ರಿ.

ನಾದಿನಿ ನನ್ನ ಕೈಯಾಗ ಖಣ ಇಟ್ಟು, "ನವಲಗುಂದಕ್ಕ ಹೋದಾಗ ಅಲ್ಲೆ ನೇಯೂವ್ರನ್ನ ಕೇಳಿ ಬಾ ವೈನಿ, ಹೊಸಾದು ಎಷ್ಟಾಗತೈತಿ ಅಂತ. ರೊಕ್ಕ ನಾ ಕೊಡ್ತೀನಿ" ಅಂದ್ಲು. ಕೇಳಿ ಬಂದೀನಿ. ಹೇಳಿದ ಕೂಡ್ಲೆ ಸಿಗೂ ವಸ್ತು ಅಲ್ಲ ಅದು, ನೇಯಾಕ ದಿನ ಹಿಡೀತಾವ.

ಅಲ್ಲೀ ತನಕ ನನ್ನ ಪಡಸಾಲಿ ಖಾಲಿ. ದಸರಾಕ್ಕ ನಮ್ಮ ತವರಿನವ್ರು ಕುಂದಗೋಳದಿಂದ ಏಳು ಮಂದಿ ಬರ್ತಾರ. ಪ್ಲಾಸ್ಟಿಕ್ ಚಾಪಿ ಹಾಸಿದ್ರ ಅತ್ತಿಯವ್ರು ಒಪ್ಪೂದಿಲ್ಲ. ಹಿಂದಕ ಓಣಿಗೊಂದು ಜಮಖಾನ ಇದ್ರೂ ಎಲ್ಲಾರ ಮನಿ ಬೀಗರು ಅದರ ಮ್ಯಾಲನ ಕುಂತು ಏಳತಿದ್ರಂತ. ನಿಮ್ಮ ಯಾರ ಮನ್ಯಾಗರ ಅಟ್ಟದಾಗ ಬಿದ್ದಿದ್ರ ಎರಡು ದಿನದ ಮಟ್ಟಿಗೆ ಕೊಡ್ರಿ, ನಾನ ಬಂದು ಒಯ್ತೀನಿ. ಝಾಡಿಸಿ, ಬೇವಿನ ತಪ್ಪಲಾ ಹಾಕಿ ತಿರುಗಿ ಕೊಡೂ ಜವಾಬ್ದಾರಿ ನಂದು. ಜೋಡಿ ಒಂದು ಡಬ್ಬಿ ಕರಚೀಕಾಯಿ.